ಮೂಗು ನಮ್ಮ ಕಡೆಗೆ

ಜನವರಿ ೯

ಅಣ್ಣನಿಗೆ ನಮಸ್ಕಾರ.

ಮುದುಕಿ ಎದ್ದು ನಿಂತಿದ್ದಾಳೆ! ಇಪ್ಪತ್ತೇಳು ವರ್ಷ ಹ್ಯಾಂಗರಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಮುರಿದು ಬಿದ್ದಿದ್ದವಳು ಈಗ ಎರಡು ಚಕ್ರಗಳ ಮೇಲೆ ನಿಂತು, ಮೂಗು ಮೇಲಕ್ಕೆತ್ತಿಕೊಂಡು ಎಲ್ಲರನ್ನೂ ಅಸಡ್ಡೆಯಿಂದ ನೋಡುತ್ತಿದ್ದಾಳೆ. ನಾಲ್ಕು ರೆಕ್ಕೆಗಳಿಗೆ ಬಟ್ಟೆ ಹೊಲಿದು ನನ್ನ ಬೆರಳುಗಳು ಜರಡಿಯಾಗಿವೆ. ಬಟ್ಟೆ ಬಿಗಿಯಾಗಲೆಂದು ಬಳಿಯುವ ಡೋಪಿನ ವಾಸನೆ ಕೂದಲಿಗೆ ಹತ್ತಿ, ಅಂಗಡಿಗೆ ಅಳತೆ ಕೊಡಲು ಬಂದವರು ಮೂಗು ಮುಚ್ಚಿಕೊಂಡು ನಿಲ್ಲುತ್ತಾರೆ. ದರ್ಜಿಯ ಕೆಲಸ ಕಲಿತದ್ದಕ್ಕೆ ವಿಮಾನಕ್ಕೂ ಅಂಗಿ ಹೊಲಿಯುವ ಯೋಗ ಬಂತು ನೋಡು.

ಫ್ಲೈಯಿಂಗ್ ಕ್ಲಬ್ಬಿನ ಮೆಕ್ಯಾನಿಕ್ ಎಂಜಿನ್ ಕೂರಿಸಿಕೊಟ್ಟು, ಬೇರೆ ಕೆಲಸ ಸಿಕ್ಕಿತೆಂದು ಹೊರಟುಹೋದ. ಪೈಲಟ್‌ನ ಕೈಯ ಸ್ಟಿಕ್ಕಿನಿಂದ ರೆಕ್ಕೆಗಳಿಗೆ ಹೋಗುವ ಕೇಬಲ್ ಕಟ್ಟುವುದೇ ಬಾಕಿ ಇತ್ತು. ಅಂದು ವಿಮಾನ ಬಿದ್ದಾಗ ನನ್ನ ಯಜಮಾನರನ್ನು ಹೊರಗೆಳೆಯಲು ಹಳೆಯ ಕೇಬಲ್‌ಗಳನ್ನೆಲ್ಲ ಕತ್ತರಿಸಿಹಾಕಿದ್ದರಲ್ಲ, ನೋಡಿ ಕಟ್ಟಲು ಏನೂ ಉಳಿದಿರಲಿಲ್ಲ. ಆಗ ನೆನಪಾಯಿತು, ಅಂದು ಮುದುಕಿಗೆ ಕೇಬಲ್ ಕಟ್ಟಿದಾಗ ನೀನು ಬರೆದಿಟ್ಟು, ಆಮೇಲೆ ನನಗೆ ಕೊಟ್ಟ ನೋಟ್‌ಬುಕ್. ಅದನ್ನು ಎದುರಿಗಿಟ್ಟುಕೊಂಡು ನಾನೇ ಕಟ್ಟಿದೆ. ಒಂದೊಂದು ತುದಿಗೂ ನೀನು ಬರೆದ ಹಾಗೆ ‘ಎಡ’, ‘ಬಲ’ ಎಂದು ಚೀಟಿ ಅಂಟಿಸಿದ್ದೇನೆ. ನಿನ್ನಂಥ ಕೇಬಲ್ ಕೆಲಸಗಾರನ ತಂಗಿ ನಾನು, ಅಷ್ಟೂ ಬರದಿದ್ದರೆ ಹೇಗೆ?

ಮಾರ್ಚ್ ಮೊದಲ ವಾರ ಮಗ ಹಾರಿಸುತ್ತಾನೆ. ಅಪ್ಪ ಬಿದ್ದ ವಿಮಾನವನ್ನೇ ಮಗ ಮೇಲೆತ್ತಬೇಕು ಎನ್ನುವುದು ಅವನ ಹಟ. ಅವನು ಹಿಂದಿನ ಸೀಟಿನಲ್ಲಿ ಕೂತು ಹಾರಿಸುತ್ತಾನೆ, ಮುಂದಿನ ಸೀಟಿನಲ್ಲಿ ತೂಕಕ್ಕೆ ಮರಳಿನ ಮೂಟೆ ಇಡುತ್ತೇವೆ, ನೀನು ಹೆದರಬೇಡ.

ಒಂದು ಕೆಲಸ ಹೇಳುತ್ತೇನೆ. ಮುದುಕಿಯ ಮಾಡೆಲ್ ಒಂದನ್ನು ಮಾಡಿಕೊಡು. ಅಳತೆಗೆ ಬೇಕಾಗುತ್ತದೆಂದು ನೋಟ್‌ಬುಕ್ಕಿನ ಎರಡು ಪುಟಗಳನ್ನು ಗೆರೆ ತಪ್ಪದಂತೆ ನಕಲು ತೆಗೆದು ಇದರೊಳಗೆ ಇಟ್ಟಿದ್ದೇನೆ. ಎಲ್ಲ ಮಾಡೆಲ್ ಮಾಡಿದೆ, ಇದೊಂದನ್ನು ಮಾತ್ರ ಮಾಡಲಿಲ್ಲ ನೀನು. ಯಾಕೆ ಅಂತ ನಾನು ಕೇಳಿಲ್ಲ, ಈಗಲೂ ಕೇಳುವುದಿಲ್ಲ.

ನಿನ್ನ ತಂಗಿ

•

ಜನವರಿ ೨೦

ಪ್ರೀತಿಯ ತಂಗಿಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿ ಮೂಗಿಗೆ ಡೋಪಿನ ವಾಸನೆ ಬಡಿಯಿತು. ಒಳಗೆ ಮಡಚಿಟ್ಟಿದ್ದ ನಕಲಿನ ಹಾಳೆಗೂ ಅದು ಅಂಟಿಕೊಂಡಿದೆ. ಆ ವಾಸನೆಗೆ ನಾನು ಹದಿನಾರರಲ್ಲೇ ಮರುಳಾದವನು. ಊರಿನಲ್ಲಿ ಎಲ್ಲಿ ಹಳೆಯ ವಿಮಾನ ಇಳಿದರೂ ಸೈಕಲ್ ಹತ್ತಿ ಓಡುತ್ತಿದ್ದೆ. ಎರಡು ಅಂತಸ್ತಿನ ರೆಕ್ಕೆ, ನಡುವೆ ತಂತಿಗಳು. ಗಾಳಿ ಬೀಸಿದರೆ ಆ ತಂತಿಗಳು ಸಣ್ಣಗೆ ಹಾಡುತ್ತವೆ. ತೆರೆದ ಸೀಟಿನ ಚರ್ಮ, ಎಣ್ಣೆ, ಬೆವರು. ಮುಟ್ಟಿದರೆ ಬಟ್ಟೆ ಬಿಗಿದ ತಮಟೆಯ ಹಾಗೆ ಡಬ್ ಎನ್ನುತ್ತಿತ್ತು. ಈಗಿನವು ಡಬ್ಬಗಳು ಬಿಡು.

ಇಷ್ಟೆಲ್ಲ ಹುಚ್ಚಿದ್ದೂ ಒಂದು ಸಲವೂ ನೆಲ ಬಿಟ್ಟು ಮೇಲೇಳದವನು ನಾನು. ನೀನು ನಗುವುದು ಇಲ್ಲಿಗೇ ಕೇಳಿಸುತ್ತಿದೆ, ಎಂಜಿನ್ ಸದ್ದಿಗೆ ಕಿವಿ ಕಳೆದುಕೊಂಡವನಿಗೂ.

ನನ್ನ ಕೋಣೆಯಲ್ಲೀಗ ನಲವತ್ತಮೂರು ಮಾಡೆಲ್‌ಗಳಿವೆ. ಕಿಟಕಿಯ ಬಳಿ ಮೇಜು, ಮೇಜಿನ ಮೇಲೆ ಬಾಲ್ಸಾ ಮರದ ಪುಡಿ, ಚಹಾ ಲೋಟದಲ್ಲೂ ಅದೇ ಪುಡಿ. ಎಲ್ಲವೂ ಮೊದಲಿನಂತೆ ಮೂಗು ನನ್ನ ಕಡೆಗೆ ತಿರುಗಿಸಿಕೊಂಡು ಕೂತಿವೆ. ಚಿಕ್ಕಂದಿನಲ್ಲಿ ನಿನಗೆ ಹೇಳಿಕೊಟ್ಟೆನಲ್ಲ, ಮನುಷ್ಯರ ಮುಖ ನೋಡುವ ಹಾಗೆ ವಿಮಾನದ ಮುಖ ನೋಡಬೇಕು, ಬೆನ್ನು ನೋಡಬಾರದು ಅಂತ. ಅಭ್ಯಾಸ ಬಿಟ್ಟಿಲ್ಲ.

ಮುದುಕಿಯನ್ನೂ ಮಾಡುತ್ತೇನೆ. ಆದರೆ ಕೇಬಲ್ ಕೆಲಸಕ್ಕೆ ಸರಿಯಾದ ಮೆಕ್ಯಾನಿಕ್ ಒಬ್ಬನನ್ನು ಕರೆಸಬಾರದೇ? ನಿನ್ನ ಕೈಗುಣ ಗೊತ್ತು, ಅನುಮಾನವಿಲ್ಲ. ಸುಮ್ಮನೆ ಹೇಳಿದೆ. ಆ ನೋಟ್‌ಬುಕ್ ಬಹಳ ಹಳೆಯದು.

ಅಳಿಯನಿಗೆ ನನ್ನ ಆಶೀರ್ವಾದ ತಿಳಿಸು.

ನಿನ್ನ ಅಣ್ಣ

•

ಫೆಬ್ರವರಿ ೧

ಅಣ್ಣಾ,

ಹಳೆಯದಾದರೇನು, ಗೆರೆ ಅಳಿಸಿಲ್ಲ, ಅಕ್ಷರ ಮುತ್ತಿನ ಹಾಗಿದೆ. ನಿನಗೆ ಯಾವಾಗಲೂ ಏನಾದರೂ ಒಂದು ಗಾಬರಿ ಬೇಕು. ಕೇಬಲ್ ಪರೀಕ್ಷೆಯೂ ಆಯಿತು. ಮಗ ಸೀಟಿನಲ್ಲಿ ಕೂತು ಸ್ಟಿಕ್ ಅಲ್ಲಾಡಿಸಿದ, ನಾನು ಕೆಳಗೆ ನಿಂತು ಯಾವ ರೆಕ್ಕೆಯಂಚಿನ ಪಟ್ಟಿ ಏಳುತ್ತದೆಂದು ನೋಡಿ ಕೂಗಿದೆ, ಎದ್ದ ಕಡೆಗೇ ತಾನೇ ವಿಮಾನ ವಾಲುವುದು. ಎಡಕ್ಕೆ ತಳ್ಳಿದರೆ ಎಡದ ಪಟ್ಟಿ ಮೇಲೆ, ಬಲಕ್ಕೆ ತಳ್ಳಿದರೆ ಬಲದ್ದು ಮೇಲೆ. ಬೆಣ್ಣೆಯಿಂದ ಕೂದಲೆಳೆದಷ್ಟು ಸಲೀಸು. ಮಗ ಅಂದ, “ಅಮ್ಮಾ, ನೀನು ಹೊಲಿಗೆ ಬಿಟ್ಟು ಇದನ್ನೇ ಮಾಡ್ಬಹುದಿತ್ತು.”

ಈ ಕೆಲಸ ಮಾಡುತ್ತ ಮಾಡುತ್ತ ಅವರ ನೆನಪು ಬಹಳ ಆಗುತ್ತಿದೆ. ಯಾರಿಗೂ ಹೇಳದ ಒಂದು ಮಾತು ನಿನಗೆ ಹೇಳುತ್ತೇನೆ. ಬಿದ್ದ ಮೇಲೆ ಹನ್ನೊಂದು ವರ್ಷ ಬದುಕಿದ್ದರಲ್ಲ, ವಿಚಾರಣೆಯವರು ‘ಪೈಲಟ್‌ನ ತಪ್ಪು’ ಎಂದು ಬರೆದು ಲೈಸೆನ್ಸ್ ಕಿತ್ತುಕೊಂಡ ಮೇಲೆ, ಗೋದಾಮಿನಲ್ಲಿ ಚೀಟಿ ಬರೆಯುತ್ತ ಕುಂಟುತ್ತ ಓಡಾಡುತ್ತಿದ್ದರಲ್ಲ, ಆಗೆಲ್ಲ ಒಂದೇ ಮಾತು. “ನಾನು ಎಡಕ್ಕೇ ತಳ್ಳಿದ್ದು ಕಣೇ. ಅದು ಬಲಕ್ಕೆ ಬಿತ್ತು.” ಊಟಕ್ಕೆ ಕೂತಾಗ, ಕ್ಷೌರ ಮಾಡಿಕೊಳ್ಳುವಾಗ, ಕೊನೆಗೆ ಆಸ್ಪತ್ರೆಯ ಹಾಸಿಗೆಯಲ್ಲೂ ಅದೇ. ಮೊದಮೊದಲು ಹೂಂ ಎನ್ನುತ್ತಿದ್ದೆ. ಆಮೇಲೆ ಬೇಜಾರಾಗಿ, “ಆಯ್ತು ಬಿಡ್ರೀ, ಯಾರ್ ಕೇಳಿದ್ರು ಈಗ” ಎಂದುಬಿಡುತ್ತಿದ್ದೆ. ತಪ್ಪು ಒಪ್ಪಿಕೊಳ್ಳಲಾರದೆ ಹೀಗೆ ಹೇಳುತ್ತಾರೆ ಪಾಪ ಎಂದುಕೊಂಡಿದ್ದೆ. ಈಗಲೂ ಹಾಗೇ ಅಂದುಕೊಂಡಿದ್ದೇನೆ. ಆದರೂ ಆ ಸ್ಟಿಕ್ ಹಿಡಿದವಳು ಬೇಗ ಬಿಟ್ಟುಬಿಟ್ಟೆ.

ಮಾಡೆಲ್ ಎಲ್ಲಿಗೆ ಬಂತು?

ನಿನ್ನ ತಂಗಿ

•

ಫೆಬ್ರವರಿ ೨೦

ಅಣ್ಣಾ,

ಹತ್ತೊಂಬತ್ತು ದಿನವಾಯಿತು, ನಿನ್ನಿಂದ ಒಂದು ಗೆರೆಯಿಲ್ಲ. ಬಾಯಿಗೆ ಬೀಗ ಹಾಕಿಕೊಂಡೆಯಾ? ನಿನ್ನ ಭಾವನ ವಿಷಯ ಎತ್ತಿ ನಿನ್ನ ಮನಸ್ಸು ನೋಯಿಸಿದೆನೇನೋ. ನಿನಗೂ ಅವರಿಗೂ ಎಷ್ಟು ಸ್ನೇಹವಿತ್ತೆಂದು ಗೊತ್ತಿದ್ದೂ ಹಾಗೆ ಬರೆಯಬಾರದಿತ್ತು. ತಪ್ಪಾಯಿತು.

ನಾನೂ ನಿನ್ನಿಂದ ಒಂದು ಮುಚ್ಚಿಟ್ಟಿದ್ದೆ. ಮರಳಿನ ಮೂಟೆ ಎಂದು ಸುಳ್ಳು ಹೇಳಿದೆ. ಮುಂದಿನ ಸೀಟಿನಲ್ಲಿ ನಾನೇ ಕೂರುತ್ತೇನೆ. ಹ್ಯಾಂಗರಿನ ಹಳೆಯ ಕಟ್ಟಳೆ ನಿನಗೆ ಗೊತ್ತಲ್ಲ, ಕೇಬಲ್ ಕಟ್ಟಿದವರೇ ಮೊದಲ ಹಾರಾಟದಲ್ಲಿ ಮುಂದೆ ಕೂರಬೇಕು. ಕಟ್ಟಿದವನಿಗೆ ತನ್ನ ಕೆಲಸದ ಮೇಲೆ ನಂಬಿಕೆಯಿದೆ ಎಂದು ಪೈಲಟ್‌ಗೆ ತೋರಿಸುವುದಕ್ಕೆ. ಅಂದು ನೀನು ಕೂರಬೇಕಿತ್ತು, ಹೊಟ್ಟೆನೋವೆಂದು ಮಲಗಿಬಿಟ್ಟೆ. ಮಲಗಿದ್ದೇ ಒಳ್ಳೆಯದಾಯಿತು. ಮುಂದಿನ ಸೀಟು ಚಪ್ಪಟೆಯಾಗಿತ್ತು, ನೀನು ಉಳಿದದ್ದೇ ನನ್ನ ಪುಣ್ಯ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಹಾರಾಟ ಮಾರ್ಚ್ ೭, ಬೆಳಿಗ್ಗೆ ಎಂಟಕ್ಕೆ.

ನಿನ್ನ ತಂಗಿ

•

ಫೆಬ್ರವರಿ ೨೪

ತಂಗಿ,

ಜ್ವರ ಬಂದಿತ್ತು. ಅದಕ್ಕೇ ಬರೆಯಲಿಲ್ಲ. ಈಗ ಪರವಾಗಿಲ್ಲ. ನಿನ್ನ ಮಾತಿನಿಂದ ಏನೂ ನೋವಾಗಿಲ್ಲ, ಅದೆಲ್ಲ ಮನಸ್ಸಿನಿಂದ ತೆಗೆದುಹಾಕು.

ಮಾಡೆಲ್ ಇನ್ನೂ ಆಗಿಲ್ಲ. ಬಣ್ಣ ಸರಿಯಾಗಿ ಹತ್ತುತ್ತಿಲ್ಲ.

ಏಳನೇ ತಾರೀಖು ಯಾಕೆ ಅಷ್ಟು ಅವಸರ? ಮಾರ್ಚಿನಲ್ಲಿ ಗಾಳಿ ಕೆಟ್ಟದ್ದು. ಏಪ್ರಿಲ್‌ಗೆ ಹಾಕಿ. ಅಷ್ಟರಲ್ಲಿ ಯಾರಾದರೂ ತಿಳಿದವರಿಗೆ ತೋರಿಸಿ. ನಿನ್ನ ವಯಸ್ಸಿಗೆ ಮುಂದಿನ ಸೀಟಿನಲ್ಲಿ ಕೂರುವ ಕೆಲಸ ಬೇಡ. ಹಳೆಯ ಕಟ್ಟಳೆಗಳನ್ನು ಈಗ ಯಾರು ಕೇಳುತ್ತಾರೆ?

ಇನ್ನೊಂದು. ಏನಿಲ್ಲ, ಸುಮ್ಮನೆ ಕೇಳುತ್ತಿದ್ದೇನೆ. ಪರೀಕ್ಷೆ ಮಾಡುವಾಗ ನೀನು ಎಲ್ಲಿ ನಿಂತು ಕೂಗಿದೆ? ತಕ್ಷಣ ಬರೆ.

ನಿನ್ನ ಅಣ್ಣ

•

ಮಾರ್ಚ್ ೧

ಅಣ್ಣಾ,

ಎಲ್ಲಿ ನಿಂತೆ ಅಂದರೆ? ಮೂಗಿನ ಮುಂದೆ ನಿಂತೆ. ಮುಖ ನೋಡಬೇಕು, ಬೆನ್ನು ನೋಡಬಾರದು. ನೀನೇ ಕಲಿಸಿ ನೀನೇ ಕೇಳುತ್ತೀಯಾ?

ಕೋಪ ಮಾಡಿಕೊಳ್ಳಬೇಡ, ನೇರವಾಗಿ ಹೇಳಿಬಿಡುತ್ತೇನೆ. ನಿನ್ನ ಕಾಗದ ಓದಿದರೆ ನನಗೆ ಜ್ವರ ಕಾಣುವುದಿಲ್ಲ, ಹೆದರಿಕೆ ಕಾಣುತ್ತದೆ. ಗಾಳಿ ಕೆಟ್ಟದ್ದಂತೆ, ವಯಸ್ಸಾಯಿತಂತೆ. ಮಗನಿಗೆ ಓದಿ ಹೇಳಿದೆ. ಅವನು, “ಮಾಮನಿಗೆ ಈಗಲೇ ಹೊಟ್ಟೆನೋವು ಶುರುವಾಯ್ತು” ಎಂದು ನಕ್ಕ. ನಾನೂ ನಕ್ಕೆ. ಆಮೇಲೆ ಬೇಸರವಾಯಿತು. ಸತ್ಯ ಹೇಳಬೇಕೆಂದರೆ ನನಗೂ ಪುಕುಪುಕು ಎನ್ನುತ್ತಿದೆ. ಮಷಿನ್ ಮುಂದೆ ಕೂತರೆ ದಾರ ಪೋಣಿಸಲು ಆಗುತ್ತಿಲ್ಲ. ಇಂಥ ಹೊತ್ತಿನಲ್ಲಿ ಧೈರ್ಯ ಹೇಳಬೇಕಾದ ಅಣ್ಣ ನೀನು. ತಲೆ ತಿನ್ನಬೇಡ.

ಏಳನೇ ತಾರೀಖೇ ಹಾರುತ್ತೇವೆ.

ನಿನ್ನ ತಂಗಿ

•

ತಂತಿ ಸಂದೇಶ. ಮಾರ್ಚ್ ೪

ಹಾರಬೇಡಿ. ಕಾಗದ ಬರುತ್ತಿದೆ. ಓದುವವರೆಗೆ ಹಾರಬೇಡಿ. ಅಣ್ಣ.

•

ಮಾರ್ಚ್ ೪

ತಂಗಿ,

ಈಗಷ್ಟೇ ನಿನ್ನ ಕಾಗದ ಬಂತು. ಅಂಚೆ ಕಚೇರಿಗೆ ಓಡಿ ತಂತಿ ಕೊಟ್ಟೆ, ಅಲ್ಲೇ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಅಕ್ಷರ ವಕ್ರವಾಗಿದ್ದರೆ ಕ್ಷಮಿಸು. ಒಂದು ವರ್ಷದಿಂದ ಕೈ ನಡುಗುತ್ತದೆ, ನಿನಗೆ ಹೇಳಿರಲಿಲ್ಲ. ಸ್ಕೇಲ್ ಇಟ್ಟುಕೊಂಡು ನಿಧಾನವಾಗಿ ಬರೆಯುತ್ತಿದ್ದೆ. ಇವತ್ತು ಅದಕ್ಕೆ ಪುರುಸೊತ್ತಿಲ್ಲ.

ಕೇಬಲ್ ತಪ್ಪಾಗಿದೆ. ಮೊದಲು ಇದನ್ನು ಓದಿಕೋ. ಕೇಬಲ್ ತಪ್ಪಾಗಿದೆ. ತಪ್ಪು ನಿನ್ನದಲ್ಲ, ನನ್ನದು.

ನೋಟ್‌ಬುಕ್ಕಿನ ಮೊದಲ ಪುಟ, ಸ್ಟಿಕ್ಕಿನ ಕಡೆಯ ಕೇಬಲ್‌ಗಳದ್ದು, ನಾನು ಹ್ಯಾಂಗರಿನಲ್ಲಿ, ಪೈಲಟ್ ಸೀಟಿನಲ್ಲಿ ಕೂತು ಬರೆದದ್ದು. ಅದರ ಎಡ ಪೈಲಟ್‌ನ ಎಡ. ಎರಡನೇ ಪುಟ, ರೆಕ್ಕೆಯ ಕಡೆಯ ಕೇಬಲ್‌ಗಳದ್ದು, ಅದೇ ಸಂಜೆ ಮನೆಯಲ್ಲಿ ಬರೆದೆ. ಮೇಜಿನ ಮೇಲೆ ಇದೇ ಥರ ಎರಡಂತಸ್ತಿನ ರೆಕ್ಕೆಯ ಬೇರೊಂದು ಮಾಡೆಲ್ ಇಟ್ಟುಕೊಂಡು. ಮೂಗು ನನ್ನ ಕಡೆಗೆ. ಅದರ ಎಡ ನನ್ನ ಎಡ, ಅಂದರೆ ಪೈಲಟ್‌ನ ಬಲ. ಸೀಟಿನ ಕೆಳಗೆ ಸ್ಟಿಕ್ಕಿನ ಎರಡು, ರೆಕ್ಕೆಯ ಎರಡು, ಹೀಗೆ ನಾಲ್ಕು ತುದಿಗಳು ಒಂದು ಗೇಣಿನೊಳಗೆ ಕೂಡುತ್ತವೆ. ನಾನು ಬರೆದದ್ದು ನೋಡಿ ಎಡಕ್ಕೆ ಎಡ, ಬಲಕ್ಕೆ ಬಲ ಕಟ್ಟಿದರೆ ಅವು ಅದಲುಬದಲಾಗುತ್ತವೆ. ಸ್ಟಿಕ್ ಎಡಕ್ಕೆ ತಳ್ಳಿದರೆ ವಿಮಾನ ಬಲಕ್ಕೆ ಬೀಳುತ್ತದೆ.

ನಿನ್ನ ಪರೀಕ್ಷೆಯಲ್ಲಿ ಯಾಕೆ ಗೊತ್ತಾಗಲಿಲ್ಲ ಎಂದರೆ ನೀನೂ ಮೂಗಿನ ಮುಂದೆ ನಿಂತೆ. ನಿನ್ನ ಎಡಗಡೆಯ ಪಟ್ಟಿ ಎದ್ದಾಗ ‘ಎಡ’ ಎಂದು ಕೂಗಿದೆ. ಅದು ಮಗನ ಬಲಗಡೆ. ಅಂದಿನ ಹಾರಾಟಕ್ಕೆ ಮುಂಚೆ ಪರೀಕ್ಷೆ ಮಾಡಿದಾಗ ನಾನೂ ಹಾಗೇ ನಿಂತಿದ್ದೆ. ಹಾಗೇ ಕೂಗಿದೆ. ಭಾವ ನನ್ನ ಮುಖ ನೋಡಿ ಹೆಬ್ಬೆರಳು ತೋರಿಸಿದರು. ರೆಕ್ಕೆ ನೋಡಲಿಲ್ಲ, ನನ್ನ ಮುಖ ನೋಡಿದರು. ಅಷ್ಟು ನಂಬಿಕೆ.

ನನಗೆ ಅಂದು ಹೊಟ್ಟೆನೋವಿರಲಿಲ್ಲ. ಕೇಬಲ್ ಮೇಲೆ ಅನುಮಾನವೂ ಇರಲಿಲ್ಲ, ಇದನ್ನಾದರೂ ನಂಬು. ಬರೀ ಹೆದರಿಕೆ. ಮೇಲೆ ಹೋಗುವ ಹೆದರಿಕೆ. ಹಾಸಿಗೆಯಲ್ಲಿ ಬೋರಲು ಮಲಗಿದ್ದಾಗ ವಿಮಾನ ಬಿದ್ದ ಸದ್ದು ಕೇಳಿತು. ಆಮೇಲೆ ಅನುಮಾನ ಬಂತು. ನೋಟ್‌ಬುಕ್ ತೆಗೆದು ನೋಡಿದ್ದರೆ ಹತ್ತು ನಿಮಿಷದಲ್ಲಿ ತಿಳಿಯುತ್ತಿತ್ತು. ತಿಳಿದುಬಿಡುತ್ತದಲ್ಲ ಎಂದೇ ನೋಡಲಿಲ್ಲ. ವಿಚಾರಣೆಯವರು ‘ಪೈಲಟ್‌ನ ತಪ್ಪು’ ಎಂದು ಬರೆದಾಗ ನಾನು ಬಾಗಿಲ ಹೊರಗೆ ನಿಂತಿದ್ದೆ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಹೌದು, ಹಾಗಾಯಿತು. ನಾಲ್ಕು ವರ್ಷದ ಹಿಂದೆ ನೀನು ನೋಟ್‌ಬುಕ್ ಕೇಳಿದಾಗ ಕೊಡುವುದಿಲ್ಲ ಎಂದರೆ ಯಾಕೆ ಎನ್ನುತ್ತೀಯೆಂದು ಕೊಟ್ಟುಬಿಟ್ಟೆ. ಸರಿಯಾಗಿಯೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

“ನಾನು ಎಡಕ್ಕೇ ತಳ್ಳಿದ್ದು” ಎಂದು ನೀನು ಬರೆದ ಸಾಲನ್ನೇ ಮತ್ತೆ ಮತ್ತೆ ಓದಿದೆ. ನನ್ನ ಮುಂದೆ ಭಾವ ಒಂದು ಸಲವೂ ಆ ಮಾತು ಆಡಿರಲಿಲ್ಲ. ಮುದುಕಿಯ ಮಾಡೆಲ್ಲಿಗೆ ನಿನ್ನ ನಕಲು ನೋಡಿ ದಾರ ಕಟ್ಟಿದೆ. ಈ ಸಲ ಬಾಲ ನನ್ನ ಕಡೆಗೆ ತಿರುಗಿಸಿಟ್ಟು ಪುಟಾಣಿ ಸ್ಟಿಕ್ ಎಡಕ್ಕೆ ತಳ್ಳಿದೆ. ಬಲದ ಪಟ್ಟಿ ಎದ್ದಿತು. ದಾರ ಬಿಚ್ಚಿ ಮತ್ತೆ ಕಟ್ಟಿದೆ. ಹತ್ತೊಂಬತ್ತು ದಿನ ಇದೇ ಕೆಲಸ. ನನ್ನ ನಡುಗುವ ಕೈಯದೇ ತಪ್ಪಿರಲಿ ಎಂದು ಆಸೆಪಟ್ಟೆ. ನಿನ್ನ ಪರೀಕ್ಷೆ ಸರಿಬಂದಿದೆಯಲ್ಲ, ನಾನೇ ತಪ್ಪಿರಬಹುದು ಎಂದು ಅದಕ್ಕೆ ಜೋತುಬಿದ್ದೆ. ಹೇಳದೆಯೇ ಹಾರಾಟ ನಿಂತುಹೋಗಲಿ ಎಂದು ಗಾಳಿ, ವಯಸ್ಸು ಎಂದೆಲ್ಲ ಬರೆದೆ. ಎಂಥ ನೀಚ ಕೆಲಸ ನೋಡು, ನೀನು ಸೀಟಿನಲ್ಲಿ ಕೂರುತ್ತೇನೆಂದು ಬರೆದ ಮೇಲೂ.

ಸೀಟಿನಲ್ಲಿ ಕೂತು ನೋಡು. ಎಡಕ್ಕೆ ತಳ್ಳಿದರೆ ನಿನ್ನ ಎಡಗೈ ಕಡೆಯ ಪಟ್ಟಿ ಏಳಬೇಕು. ನನ್ನನ್ನು ನಂಬಬೇಡ, ನಿನ್ನ ಕಣ್ಣನ್ನು ನಂಬು.

ಅಂಚೆಯವರು ಏಳರೊಳಗೆ ತಲುಪುತ್ತದೆ ಎನ್ನುತ್ತಾರೆ. ಏಳರೊಳಗೆ ಅಂದರೆ ಆರಕ್ಕೋ, ಏಳಕ್ಕೋ? ಕೇಳಿದರೆ ಹೇಳುತ್ತಿಲ್ಲ.

ಅಣ್ಣ

•

ಮಾರ್ಚ್ ೭

ಬದುಕಿದ್ದೇವೆ. ಮೊದಲು ಇದನ್ನು ಓದಿಕೋ.

ನಿನ್ನ ತಂತಿ ಐದನೇ ತಾರೀಖು ಬಂತು. ಮಗ ಓದಿ, “ಹೊಟ್ಟೆನೋವು ಜಾಸ್ತಿ ಆಗಿದೆ” ಎಂದು ಮಡಚಿ ಜೇಬಿಗಿಟ್ಟುಕೊಂಡ. ಆರನೇ ತಾರೀಖು ಕಾಗದ ಬರಲಿಲ್ಲ. ಇವತ್ತು ಏಳೂಮುಕ್ಕಾಲಿಗೆ ಮುದುಕಿಯನ್ನು ಹೊರಗೆ ತಳ್ಳಿ ಎಂಜಿನ್ ಶುರು ಮಾಡಿದರು. ನಾನು ಮುಂದಿನ ಸೀಟಿನಲ್ಲಿ ಬೆಲ್ಟ್ ಬಿಗಿದು ಕೂತಿದ್ದೆ. ಅಷ್ಟರಲ್ಲಿ ಪೋಸ್ಟ್‌ಮ್ಯಾನ್ ಮೈದಾನದ ಮೇಲೆ ಸೈಕಲ್ ಓಡಿಸಿಕೊಂಡು ಬಂದ, ಲಕೋಟೆಯ ಮೇಲೆ ‘ತುರ್ತು’ ಎಂದು ನಾಲ್ಕು ಕಡೆ ಬರೆದಿದ್ದೆಯಲ್ಲ. ರೆಕ್ಕೆಯ ಪಕ್ಕದಿಂದ ಕೈ ಚಾಚಿ ಕೊಟ್ಟ. ಇಳಿದು ಬಂದ ಮೇಲೆ ಓದಿದರಾಯಿತೆಂದು ಕೋಟಿನೊಳಗೆ ತುರುಕಿದೆ. ದೇವರಾಣೆ, ತುರುಕಿದೆ.

ಎಂಜಿನ್ ಬಿಸಿಯಾಗಲು ಹತ್ತು ನಿಮಿಷ ಬೇಕು. ಸುಮ್ಮನೆ ಕೂತರೆ ಹೆದರಿಕೆ. ಲಕೋಟೆಯ ಮೇಲಿನ ನಿನ್ನ ಅಕ್ಷರ ನೆನಪಾಯಿತು, ಯಾರೋ ತಳ್ಳಿದ ಹಾಗೆ ಒಂದರ ಮೇಲೊಂದು ಬಿದ್ದಿತ್ತು. ನಿನ್ನದು ಯಾವತ್ತೂ ಹಾಗಿರಲಿಲ್ಲ. ತೆಗೆದೆ. ‘ಕೇಬಲ್ ತಪ್ಪಾಗಿದೆ’ ಎನ್ನುವವರೆಗೆ ಓದಿ, ‘ಸೀಟಿನಲ್ಲಿ ಕೂತು ನೋಡು’ ಎನ್ನುವುದು ಕಣ್ಣಿಗೆ ಬಿತ್ತು. ಮಧ್ಯದ್ದು ಓದಲೇ ಇಲ್ಲ. ಹಿಂದಿನ ಸೀಟಿನಲ್ಲಿ ಮಗ ಮೀಟರ್ ನೋಡುತ್ತ ಸ್ಟಿಕ್ ಅಲ್ಲಾಡಿಸಿದ. ಎರಡು ಸೀಟಿನ ಸ್ಟಿಕ್ಕೂ ಒಟ್ಟಿಗೇ ಅಲ್ಲಾಡುತ್ತವೆ. ನನ್ನ ಮಂಡಿಗಳ ನಡುವಿನದು ತಾನಾಗಿ ಎಡಕ್ಕೆ ವಾಲಿತು. ಎಡಕ್ಕೆ ನೋಡಿದೆ, ಪಟ್ಟಿ ಕೆಳಗಿತ್ತು. ಬಲಕ್ಕೆ ತಿರುಗಿದೆ, ಎದ್ದು ನಿಂತಿತ್ತು. ನಾನು ಹೊಲಿದ ಬಟ್ಟೆ, ನನ್ನದೇ ಹೊಲಿಗೆ, ತಪ್ಪು ಕಡೆ ಎದ್ದು ನಿಂತಿತ್ತು.

ಕೂಗಿದೆ, ಅವನಿಗೆ ಕೇಳಲಿಲ್ಲ. ವಿಮಾನ ಉರುಳಲು ಶುರುವಾಗಿತ್ತು. ನನ್ನ ಪಕ್ಕದಲ್ಲೇ ಎಂಜಿನ್ ಸ್ವಿಚ್ ಇದೆಯೆಂದು ನೆನಪಾಗಲು ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ಹೊಡೆದು ಆರಿಸಿದೆ.

ಉಳಿದದ್ದನ್ನು ಹುಲ್ಲಿನ ಮೇಲೆ ಕೂತು ಓದಿದೆ.

ಹನ್ನೊಂದು ವರ್ಷ, ಅಣ್ಣಾ. ಹನ್ನೊಂದು ವರ್ಷ ಅವರು ನಿಜ ಹೇಳಿದರು, ನಾನು ‘ಆಯ್ತು ಬಿಡ್ರೀ’ ಎಂದೆ. ನಿನ್ನ ಮೇಲೆ ಎಷ್ಟು ಕೋಪವಿದೆಯೋ ನನ್ನ ಮೇಲೂ ಅಷ್ಟೇ ಇದೆ. ನಿನ್ನದನ್ನು ಕಡಿಮೆ ಮಾಡಲೆಂದು ಇದನ್ನು ಹೇಳುತ್ತಿಲ್ಲ.

ಮಗ ಕೇಳಿದ, “ಯಾರ ತಪ್ಪಮ್ಮ?” ನನ್ನದು ಎಂದೆ. ಅವನು ಕಾಗದ ಓದಿಲ್ಲ. ನಿನ್ನ ತಪ್ಪನ್ನು ಒಂದು ಮನೆಯಲ್ಲಿ ಒಬ್ಬರು ಹೊತ್ತದ್ದು ಸಾಕು, ನಾನೂ ಹೊರಲಾರೆ. ನೀನೇ ಬಂದು ಅವನಿಗೆ ಹೇಳು. ಕೇಬಲ್ ಬಿಚ್ಚಿಟ್ಟಿದ್ದೇನೆ, ನೀನೇ ಕಟ್ಟು. ಕೈ ನಡುಗಿದರೆ ನಾನು ಹಿಡಿದುಕೊಳ್ಳುತ್ತೇನೆ. ಕಟ್ಟಿದ ಮೇಲೆ ಎಲ್ಲಿ ಕೂರಬೇಕೆಂದು ನಿನಗೆ ಗೊತ್ತು.

ಬರದಿದ್ದರೆ ಬರಬೇಡ. ಆಗ ಕಾಗದವನ್ನೂ ಬರೆಯಬೇಡ.

•

ಮಾರ್ಚ್ ೧೩

ತಂಗಿ,

ಏಳರಿಂದ ಹನ್ನೊಂದರವರೆಗೆ ನಿಮ್ಮಿಬ್ಬರಿಗೆ ಏನಾಯಿತೆಂದು ನನಗೆ ತಿಳಿಯಲಿಲ್ಲ. ಬಾಗಿಲು ತೆರೆದಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ. ಆ ನಾಲ್ಕು ದಿನಗಳ ಬಗ್ಗೆ ಬರೆಯಲಾರೆ. ಭಾವನ ಹನ್ನೊಂದು ವರ್ಷದ ಮುಂದೆ ಅದು ಏನೂ ಅಲ್ಲ.

ವಿಚಾರಣೆ ನಡೆಸಿದ ಕಚೇರಿಗೆ ಎಲ್ಲವನ್ನೂ ಬರೆದು ರಿಜಿಸ್ಟರ್ ಮಾಡಿದ್ದೇನೆ. ಇದರೊಳಗೆ ಅದರ ಪ್ರತಿ ಇದೆ. ಭಾವನ ಹೆಸರಿನ ಮುಂದಿನ ಆ ಎರಡು ಪದಗಳನ್ನು ಅಳಿಸುತ್ತಾರೋ ಇಲ್ಲವೋ. ಮಗನಿಗೆ ಆ ಪ್ರತಿಯನ್ನು ನಾನು ಬರುವ ಮುಂಚೆ ತೋರಿಸಬೇಡ. ಅವನ ಮುಖ ನೋಡಿ ನಾನೇ ಹೇಳಬೇಕು.

ಮಾಡೆಲ್‌ಗಳನ್ನೆಲ್ಲ ಬಾಲ ನನ್ನ ಕಡೆಗೆ ಬರುವಂತೆ ತಿರುಗಿಸಿಟ್ಟೆ. ಎಲ್ಲವೂ ನನ್ನನ್ನು ಬಿಟ್ಟು ಎಲ್ಲಿಗೋ ಹೊರಟ ಹಾಗೆ ಕಾಣುತ್ತವೆ.

ಭಾನುವಾರ ಬೆಳಗಿನ ರೈಲಿಗೆ ಇಳಿಯುತ್ತೇನೆ. ಈಗಲೇ ಹೊಟ್ಟೆ ನೋಯುತ್ತಿದೆ, ಈ ಸಲ ನಿಜವಾಗಿಯೂ. ನಿನ್ನ ಆರದ ಕೋಪಕ್ಕೆ ಹೆದರಿಕೆ, ಅಳಿಯನ ಕಣ್ಣಿಗೆ ಹೆದರಿಕೆ, ಆ ಸೀಟಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ. ಆದರೂ ಬರುತ್ತೇನೆ.

ಒಂದೇ ಒಂದು ಕೇಳಿಕೊಳ್ಳುತ್ತೇನೆ. ಹಾರುವ ದಿನ ಸೀಟಿನ ಬೆಲ್ಟನ್ನು ನೀನೇ ಬಿಗಿ. ಬಿಗಿದ ಮೇಲೆ ನಾನು ಇಳಿಸು ಎಂದು ಎಷ್ಟು ಕೂಗಿದರೂ ಇಳಿಸಬೇಡ.

ನಿನ್ನ ಅಣ್ಣ